ಎಂಜಿನ್ ಪಾಲಿನ ಹಾಲು

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ದಾರಿಯಲ್ಲಿ ಸಾವಕಾರರ ಧಾಬಾ ಇದೆ. ಈ ಸಲದ ನಾಗರ ಪಂಚಮಿಯ ದಿನ ಊರಿಗೆ ಹೊರಟವನು ಅಲ್ಲಿ ಬೈಕು ನಿಲ್ಲಿಸಿ ಚಹಾ ಹೇಳಿದೆ. ಹೇಳಬಾರದಿತ್ತು. ಬೇಲಿಯ ಆಚೆ ಮಕ್ಕಳ ರೈಲು ಸುತ್ತು ಹೊಡೆಯುತ್ತಿತ್ತು. ತಗಡಿನ ಎಂಜಿನ್ನು, ಹಸಿರು ಬಣ್ಣ, ಹೊಟ್ಟೆಯೊಳಗೆ ಬ್ಯಾಟರಿ. ಚಿಮಣಿಯಿಂದ ಮದುವೆ ಮಂಟಪದಲ್ಲಿ ಬಿಡುವಂಥ ಬಿಳಿ ಹೊಗೆ. ತಿರುವಿಗೆ ಬಂದಾಗೊಮ್ಮೆ ಸ್ಪೀಕರಿನಿಂದ 'ಕೂ' ಎಂಬ ಕೂಗು, ಅದರ ಹಿಂದೆಯೇ ಯಾವುದೋ ಹಿಂದಿ ಹಾಡು. ಪಕ್ಕದ ಮೇಜಿನವನೊಬ್ಬ ಮಗಳಿಗೆ, "ನೋಡವ್ವ, ಹಳೀ ಕಾಲದಾಗ ರೈಲು ಹಿಂಗೇ ಇರ್ತಿತ್ತು" ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಿಂಗ ಇರ್ಲಿಲ್ರಿ" ಎಂದೆ. "ಮತ್ತ ಹ್ಯಾಂಗ ಇತ್ರಿ?" ಎಂದು ಅವನು ನಗುತ್ತಲೇ ಕೇಳಿದ, ಪಾಪ. ಅದನ್ನು ಅಲ್ಲಿ ನಿಂತು ಹೇಳಿ ಮುಗಿಸುವ ಹಾಗಿರಲಿಲ್ಲ. ಅವನಿಗೆ ಹೇಳದೆ ಎದ್ದು ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಗ ಐಸ್‌ಕ್ರೀಮಿನ ಗಾಡಿ ನಿಲ್ಲುವ ಕಡೆ ಒಂದು ನಿಜವಾದ ಉಗಿ ಎಂಜಿನ್ ಇತ್ತು. ಗಡಿಯಾಚೆ ಲಾತೂರಿನ ಕಡೆ ಓಡುತ್ತಿದ್ದ ಸಣ್ಣ ಗಾಡಿಯದು. ಹಳಿಗಳ ನಡುವೆ ಒಬ್ಬ ಮನುಷ್ಯ ಕಾಲು ಅಗಲಿಸಿ ನಿಲ್ಲುವಷ್ಟೇ ಅಂತರ, ನ್ಯಾರೋಗೇಜ್ ಅನ್ನುತ್ತಾರೆ. ನಮ್ಮ ಕಡೆಯ ಮಂದಿ ಪಂಢರಪುರಕ್ಕೆ ಹೋಗಬೇಕಾದರೆ ಬಸ್ಸಿನಲ್ಲಿ ಗಡಿ ದಾಟಿ ಆ ಗಾಡಿ ಹತ್ತುತ್ತಿದ್ದರು. ಮುಂದೆ ಅಲ್ಲಿ ದೊಡ್ಡ ಹಳಿ ಬಂತು, ಸಣ್ಣ ಎಂಜಿನ್ನುಗಳೆಲ್ಲ ಕಬ್ಬಿಣದ ಲೆಕ್ಕದಲ್ಲಿ ಹೋದವು. ಹುಮನಾಬಾದಿನಲ್ಲಿ ಕಾಳುಕಡಿ ಮಾರುವ ಅಡತಿ ಬಜಾರಿನ ಶಿವಶರಣಪ್ಪ ಸಾವಕಾರರ ತಂದೆ ಅದರಲ್ಲೊಂದನ್ನು ಕೊಂಡು, ಜೊತೆಗೆ ಒಂದಷ್ಟು ಹಳಿಯನ್ನೂ ತಂದು, ಈ ಹೊಲದಲ್ಲಿ ಇಳಿಸಿದರು. ಅದರ ಬಾಯ್ಲರನ್ನು ಬೇಳೆ ಮಿಲ್ಲಿಗೆ ಹಚ್ಚಬೇಕೆಂದಿದ್ದರಂತೆ. ಹಚ್ಚಲಿಲ್ಲ. ಬೇವಿನ ಮರದ ಕೆಳಗೆ ನಿಂತ ಎಂಜಿನ್ನಿನ ಒಲೆಯಲ್ಲಿ ಕೋಳಿಗಳು ಮೊಟ್ಟೆ ಇಟ್ಟವು, ಆಳುಗಳು ಅದರ ಮೈಮೇಲೆ ಅಂಗಿ ಒಣಹಾಕಿದರು.

ಮಾಣಿಕಪ್ಪ ಕಾಕಾ ಆ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುತ್ತ ನೌಕರಿ ಶುರು ಮಾಡಿದವರು, ಆಮೇಲೆ ಅದರ ಡ್ರೈವರ್ ಆದವರು. ಉಗಿ ನಿಂತು ಡೀಸೆಲ್ ಬಂದಮೇಲೆ ಅದನ್ನೂ ನಡೆಸಿದರು, ಆದರೆ ಅದನ್ನು ಎಂಜಿನ್ ಎಂದು ಒಪ್ಪಿಕೊಳ್ಳಲಿಲ್ಲ. "ಅದು ದೊಡ್ಡ ಪಂಪ್‌ಸೆಟ್ಟು" ಅನ್ನುತ್ತಿದ್ದರು. ನಿವೃತ್ತರಾಗಿ ಘಾಟಬೋರಾಳಕ್ಕೆ ವಾಪಸು ಬಂದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧ ಇಲ್ಲ, ಆದರೂ ನನಗೆ ಬಾಯ್ಲರಿನ ಕಸುಬು ಹಿಡಿಸಿದವರು ಅವರೇ. ಈಗ ನಾನು ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಸರ್ಕಾರದ ಸರ್ಟಿಫಿಕೇಟ್ ಇದೆ.

ಕಾಕಾ ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದ ದೊಡ್ಡಸ್ತಿಕೆಯ ಮಾತು ಒಂದೇ: "ನನ್ನ ಕೈಯಾಗ ಸೀಸ ಇಳದಿಲ್ಲ." ಇದನ್ನು ಬಿಡಿಸಿ ಹೇಳಬೇಕು. ಬಾಯ್ಲರಿನ ಒಲೆಯ ಮಾಡಿನ, ಅಂದರೆ ಚಾವಣಿಯ, ಮೇಲೆ ಸದಾ ನೀರು ನಿಂತಿರಬೇಕು. ನೀರು ಇಳಿದರೆ ಆ ಮಾಡು ಕೆಂಪಗೆ ಕಾಯ್ದು ಕುಸಿಯುತ್ತದೆ, ಬಾಯ್ಲರ್ ಸಿಡಿದು ಮಂದಿ ಸಾಯುತ್ತಾರೆ. ಹಾಗಾಗಬಾರದೆಂದು ಮಾಡಿನಲ್ಲಿ ಸೀಸ ತುಂಬಿದ ಒಂದು ಬಿರಡೆ ಇರುತ್ತದೆ. ನೀರು ತಪ್ಪಿದ ಕೂಡಲೇ ಸೀಸ ಕರಗಿ ಇಳಿದು, ಉಗಿ ಒಲೆಗೆ ನುಗ್ಗಿ ಬೆಂಕಿಯನ್ನು ಆರಿಸುತ್ತದೆ. ಜೀವ ಉಳಿಯುತ್ತದೆ, ಡ್ರೈವರಿನ ಮಾನ ಉಳಿಯುವುದಿಲ್ಲ. ಸೀಸ ಇಳಿಸಿದವನು ಎಂದರೆ ನೀರು ನೋಡದೆ ನಿದ್ದೆ ಹೊಡೆದವನು ಎಂದರ್ಥ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಅವರ ಹೆಂಡತಿ ಕಾಶಮ್ಮ ಕಾಕಿಗೆ ಆ ಎಂಜಿನ್ ಕಂಡರೆ ಆಗುತ್ತಿರಲಿಲ್ಲ. "ನನ್ನ ಸವತಿ" ಅನ್ನುತ್ತಿದ್ದಳು, ನಗೆಗಲ್ಲ. ಇಬ್ಬರು ಹೆಣ್ಣುಮಕ್ಕಳ ಬಾಣಂತನ ಗಂಡನಿಲ್ಲದೆ ಆಯಿತು, ಅತ್ತೆ ಮಗನ ಹಾದಿ ನೋಡುತ್ತಲೇ ತೀರಿಕೊಂಡಳು. "ಅಕಿಗಿ ಇದ್ದಲಿ ತಿನಿಸಿ ತಿನಿಸಿ ಕೈ ಕರ್ರಗ ಮಾಡ್ಕೊಂಡಾನ ಈ ಮನಶ್ಯಾ. ನನಗೊಂದ್ ಮಾರು ಹೂವ ತಂದಿಲ್ಲ" ಎಂದು ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳುತ್ತಿದ್ದಳು. ಎಂಜಿನ್ ಹುಮನಾಬಾದಿನ ಹತ್ತಿರವೇ ಬಂದು ನಿಂತಿದೆ ಎಂದು ಗೊತ್ತಾದಾಗ ಹಣೆ ಚಚ್ಚಿಕೊಂಡು, "ಬಂದ್ಳೇನಪಾ ಮನೀ ಬಾಗಲಿಗೇ!" ಎಂದಿದ್ದಳು.

ನಾನು ಹೇಳಬೇಕೆಂದಿರುವ ಮಳೆಗಾಲ ಶುರುವಾದದ್ದು ಸಾವಕಾರರ ಒಂದು ಮಾತಿನಿಂದ. ಧಾಬಾ ಚೆನ್ನಾಗಿ ನಡೆದಿತ್ತು, ಮಕ್ಕಳಿಗೊಂದು ರೈಲು ಬೇಕೆಂದು ಅವರ ತಲೆಗೆ ಹೊಕ್ಕಿತು. ಬ್ಯಾಟರಿ ರೈಲಿನವನು ಬಂದು ಫೋಟೋ ತೋರಿಸಿ ಹೋದ. ಹಳೆಯದನ್ನು ಕೊಯ್ದು ಜಾಗ ಮಾಡಲು ಗುಜರಿಯ ಖಾಜಾಭಾಯಿಗೂ ಹೇಳಿಯಾಗಿತ್ತು. ಸುದ್ದಿ ಮುಟ್ಟಿದ ದಿನ ಕಾಕಾ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ನನ್ನ ಬೈಕು ಹತ್ತಿದರು.

"ಸಾವಕಾರ್ರ, ಅದು ಸತ್ತಿಲ್ಲರಿ" ಎಂದರು ಅಡತಿ ಅಂಗಡಿಯ ಗಾದಿಯ ಮುಂದೆ ನಿಂತು. "ಒಂದ್ ಮಳಿಗಾಲ ಕೊಡ್ರಿ. ಉಗಿ ಮ್ಯಾಲೆ ಓಡಿಸಿ ತೋರಿಸ್ತೀನಿ."

ಸಾವಕಾರರು ಕೆಟ್ಟವರಲ್ಲ, ವ್ಯಾಪಾರಿ. ಸ್ವಲ್ಪ ಹೊತ್ತು ತೊಗರಿಯ ಕಾಳನ್ನು ಅಂಗೈಯಲ್ಲಿ ಆಡಿಸಿದರು. "ಶ್ರಾವಣದಾಗ ಬಾಯ್ಲರ್ ಇನ್‌ಸ್ಪೆಕ್ಟರ್ ಸಾಹೇಬ್ರನ್ನ ಕರಸ್ತೀನಿ, ಮಾಣಿಕಪ್ಪಾ. ಅವರು ಪಾಸ್ ಅಂದ್ರ ನಿಂದು ಓಡ್ತದ. ಫೇಲ್ ಅಂದ್ರ ಮರುದಿನ ಖಾಜಾ ಒಯ್ತಾನ. ಎರಡನೇ ಮಾತಿಲ್ಲ ನೋಡು."

ಅಲ್ಲಿಂದ ನಮ್ಮ ಹೈರಾಣ ಶುರುವಾಯಿತು. ನನ್ನ ಪಾಳಿ ಮುಗಿದ ಕೂಡಲೇ ಕಾರ್ಖಾನೆಯಿಂದ ನೇರ ಅಲ್ಲಿಗೆ. ಆ ವರ್ಷದ ಮಳೆಯೋ, ಹಿಡಿದದ್ದು ಬಿಡಲಿಲ್ಲ. ತಾಡಪತ್ರಿ ಕಟ್ಟಿದರೆ ಗಾಳಿ ಕಿತ್ತೊಯ್ಯುತ್ತಿತ್ತು, ಮತ್ತೆ ಕಟ್ಟಿದರೆ ಅದರ ಹೊಟ್ಟೆಯಲ್ಲಿ ನೀರು ನಿಂತು ನಮ್ಮ ತಲೆಯ ಮೇಲೇ ಸುರಿಯುತ್ತಿತ್ತು. ಬಾಯ್ಲರಿನೊಳಗಿನ ಕೊಳವೆಗಳು ತೂತು ಬಿದ್ದಿದ್ದವು. ಬಡಿದರೆ ತುಕ್ಕು ಹಪ್ಪಳದ ಹಾಗೆ ಏಳುತ್ತಿತ್ತು. ಒಂದನ್ನು ಸರಿ ಮಾಡಿದರೆ ಮಗ್ಗುಲಿನದು ಸೋರುತ್ತಿತ್ತು. ನೀರು ತುಂಬಿ ಒತ್ತಡ ಕೊಟ್ಟು ನೋಡುವುದು, ಸೋರುವುದು, ಬೈಯುವುದು, ಬಿಚ್ಚುವುದು. ಕಾಕಾ ಕೋಳಿಗೂಡಿನಂಥ ಆ ಒಲೆಯೊಳಗೆ ತೆವಳಿ ಹೋಗಿ ತಾಸುಗಟ್ಟಲೆ ಮಲಗಿ ಕೆಲಸ ಮಾಡುತ್ತಿದ್ದರು, ಹೊರಗೆ ನನಗೆ ಬರೀ ಅವರ ಕೆಮ್ಮು ಕೇಳಿಸುತ್ತಿತ್ತು. ಈ ಮುದುಕ ಇದರೊಳಗೇ ಸತ್ತರೆ ಕಾಕಿಗೆ ನಾನೇನು ಹೇಳಲಿ ಎಂದು ನಾನು ನಡುನಡುವೆ ಬಗ್ಗಿ ನೋಡುತ್ತಿದ್ದೆ.

ಆ ಮಳೆ ಮಾಡಿದ ಒಂದೇ ಉಪಕಾರ ಎಂದರೆ ನೀರು. ನಮ್ಮ ಕಡೆಯ ಬೋರಿನ ನೀರು ಗಡಸು, ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ. ಕಾಕಾ ಧಾಬಾದ ತಗಡಿನಿಂದ ಇಳಿಯುವ ಮಳೆನೀರನ್ನು ಡ್ರಮ್ಮುಗಳಲ್ಲಿ ಹಿಡಿಸಿ, ಬಟ್ಟೆಯಲ್ಲಿ ಸೋಸಿ ಇಟ್ಟರು. "ಇದಕ್ಕ ಇಂಥಾ ಮೆತ್ತನ್ನ ನೀರು ಯಾವ ಸ್ಟೇಷನ್ನಿನ್ಯಾಗೂ ಸಿಕ್ಕಿಲ್ಲ" ಎಂದು ಆ ಒಂದು ದಿನ ನಕ್ಕಿದ್ದರು.

ಖಾಜಾಭಾಯಿ ನಡುನಡುವೆ ಬಂದು ನಿಲ್ಲುತ್ತಿದ್ದ. ಬಂದಾಗ ಎಂಜಿನ್ನಿನ ಕಡೆ ನೋಡುತ್ತಿರಲಿಲ್ಲ. "ಕಾಕಾ, ಖರೇ ಹೇಳ್ತೀನಿ, ಇದನ್ನ ಕೊಯ್ಯಾಕ ನನಗ ದಿಲ್ ಇಲ್ಲ. ಆದ್ರ ಸಾವಕಾರ್ರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ" ಎಂದು ಬೀಡಿ ಹಚ್ಚುತ್ತಿದ್ದ. ಕಾಕಾ ಅವನಿಗೆ ಚಹಾ ಹೇಳಿ, ತಾವು ಕುಡಿಯದೆ ಮತ್ತೆ ಒಳಗೆ ಹೋಗುತ್ತಿದ್ದರು.

ಕಾಕಿ ಬುತ್ತಿ ಕಳಿಸುತ್ತಿದ್ದಳು, ತಾನು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ, ಬುತ್ತಿ ಒಯ್ಯುವವರು ಯಾರೂ ಸಿಗದೆ, ಟಂಟಂ ಆಟೋದಲ್ಲಿ ಕೂತು ತಾನೇ ಬಂದಳು. ಆವತ್ತು ನಾವು ಎಲ್ಲ ಕೊಳವೆಗಳೂ ಸರಿಯಾದವೆಂದು ಒತ್ತಡ ಕೊಟ್ಟಿದ್ದೆವು, ಮತ್ತೆ ಸೋರಿತ್ತು. ಕಾಕಾ ಕೆಸರಿನಲ್ಲಿ, ಎಂಜಿನ್ನಿನ ಗಾಲಿಗೆ ಬೆನ್ನು ಕೊಟ್ಟು ಕೂತು, ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನಾನು ಅವರು ಅಳುವುದನ್ನು ಮೊದಲು ಕಂಡದ್ದು ಆವತ್ತೇ. ಕಾಕಿಯೂ ಆವತ್ತೇ ಮೊದಲು ಕಂಡಿರಬೇಕು, ಯಾಕೆಂದರೆ ಬೈಯಲು ತೆರೆದ ಬಾಯಿ ಹಾಗೇ ನಿಂತಿತು.

"ಬಿಟ್ಟಬಿಡ್ರಿ. ಸಾಕು" ಎಂದಳು ಮೆಲ್ಲಗೆ.

"ಇದೂ ಹೋತಂದ್ರ ನಾ ಏನಾಗಿದ್ದೆ ಅನ್ನಾಕ ಏನ್ ಉಳೀತದ ಕಾಶೀ?" ಎಂದರು ಕಾಕಾ. "ಊರಾಗ ನಾ ಯಾರು? ಬಸ್‌ಸ್ಟ್ಯಾಂಡಿನ್ಯಾಗ ಕೂಡೋ ಮುದುಕ. ಇದು ಒಮ್ಮೆ ಓಡಿದ್ರ, ಒಮ್ಮೆರೆ, ಮಂದಿ ಅಂತಾರ, ಮಾಣಿಕಪ್ಪ ಡ್ರೈವರ್ ಇದ್ದ ಅಂತ."

ಕಾಕಿ ಬುತ್ತಿಯ ಗಂಟು ಬಿಚ್ಚಿ ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿ ಗಂಡನ ಕೈಗೆ ಕೊಟ್ಟಳು. ಆಮೇಲೆ ಸೆರಗಿನಿಂದ ತನ್ನ ಕೈ ಒರೆಸಿಕೊಂಡು ಎಂಜಿನ್ನಿನ ಹತ್ತಿರ ಹೋಗಿ, ಅದರ ಮೈ ಮೇಲೆ ಅಂಗೈ ಇಟ್ಟು ನಿಂತಳು. "ತಣ್ಣಗದಲ್ಲೋ ರೇವಣ್ಯಾ" ಎಂದಳು ನನಗೆ. ಹಸುಗೂಸಿಗೆ ಜ್ವರ ಇಳಿದಾಗ ಹೆಂಗಸರು ಹೇಳುವ ಧಾಟಿ ಅದು. "ಬೆಂಕಿ ಹಾಕಿಲ್ಲ ಕಾಕಿ, ಅದಕ್ಕ" ಎಂದೆ.

ಅಂತೂ ಸೋರುವುದು ನಿಂತಿತು. ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ ಗೊತ್ತಾಯಿತು, ಅದು ಪಂಚಮಿಯ ದಿನವೇ ಬಿತ್ತು. ಬೇರೆ ದಿನ ಕೇಳಿದರೆ ಸಾವಕಾರರು, "ಅವರು ಹೊಳ್ಳಿ ಈ ಕಡಿ ಬರೋದು ದೀಪಾವಳಿಗಿ. ಅಲ್ಲೀತನ ನಾ ಕಾಯಂಗಿಲ್ಲ" ಎಂದುಬಿಟ್ಟರು.

ನಮ್ಮಲ್ಲಿ ಪಂಚಮಿ ಎಂದರೆ ಹೆಂಗಸರ ಹಬ್ಬ. ಜೋಕಾಲಿ, ಉಂಡಿ, ಮತ್ತೆ ಹಾಲೆರೆಯುವುದು. ನಾಗಪ್ಪನ ಕಲ್ಲಿಗೋ ಹುತ್ತಕ್ಕೋ ಹೋಗಿ, ಒಂದೊಂದು ಸಲ ಹಾಲು ಹನಿಸುವಾಗಲೂ ಒಬ್ಬೊಬ್ಬರ ಹೆಸರು ಹೇಳುತ್ತಾರೆ: ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು. ಯಾರ ಪಾಲು ಎರೆದರೋ ಅವರಿಗೆ ಒಳ್ಳೆಯದಾಗುತ್ತದೆ. ಮನೆಯ ದನಕ್ಕೂ ಒಂದು ಪಾಲು ಎರೆಯುವವರಿದ್ದಾರೆ. ಹುತ್ತಕ್ಕೆ ಎರೆಯುವವರು ಬಾಯಿಯಲ್ಲೇ ಎರೆಯುತ್ತಾರೆ, ಮೇಲೆ ಚೆಲ್ಲಿದರೆ ನಾಗಪ್ಪನ ಹೊಟ್ಟೆಗೆ ಹೋಗುವುದಿಲ್ಲವಲ್ಲ.

ಆ ದಿನ ಬೆಳಗಾಗುತ್ತ ನಾನು, ಕಾಕಾ ಸ್ನಾನ ಮಾಡಿ ಅಲ್ಲಿ ಹೋಗಿ ನೋಡಿದರೆ, ನಾಗಪ್ಪನಿಗೆ ಹೋಗುತ್ತೇನೆಂದು ನಸುಕಿನಲ್ಲೇ ಮನೆ ಬಿಟ್ಟಿದ್ದ ಕಾಕಿ ಆಗಲೇ ಬಂದಿದ್ದಾಳೆ! ಘಾಟಬೋರಾಳದ ಹೆಂಗಸರ ಒಂದು ಟೆಂಪೋನೇ ಬಂದಿದೆ. ಎಂಜಿನ್ನಿಗೆ ವಿಭೂತಿ, ಅರಿಶಿನ ಕುಂಕುಮ, ಚಿಮಣಿಗೆ ಚೆಂಡುಹೂವಿನ ಮಾಲೆ. ಕಾಕಿ ಒದ್ದೆ ತಲೆಯಲ್ಲಿ, ಹೊಸ ಇಲಕಲ್ ಸೀರೆಯಲ್ಲಿ ಕೈಮುಗಿದು ನಿಂತಿದ್ದಳು. ಕಾಕಾ ಅಲ್ಲೇ ನಿಂತುಬಿಟ್ಟರು. "ಸವತಿಗಿ ಕುಂಕುಮ ಹಚ್ಚಿದೇನು?" ಎಂದರು. "ಹಚ್ಚಿದೆ. ಇವತ್ತೊಂದಿನ" ಎಂದಳು ಕಾಕಿ, ಮುಖ ತಿರುಗಿಸಿಕೊಂಡು. ಕಾಕಾನ ಕಣ್ಣು ತುಂಬಿ ಬಂದವು. ಅಷ್ಟು ಸಂತೋಷ ಆ ಮಳೆಗಾಲದಲ್ಲಿ ನಾನು ಅವರ ಮುಖದಲ್ಲಿ ನೋಡಿರಲಿಲ್ಲ.

ಬಾಯ್ಲರಿಗೆ ನಾವು ಮುಂಚಿನ ದಿನವೇ ಮಳೆನೀರು ತುಂಬಿದ್ದೆವು. ಚೀಲ ಹೇರಿದ ಕತ್ತೆಯ ಹಾಗೆ ಎಂಜಿನ್ನಿನ ಎರಡು ಮಗ್ಗುಲಿಗೂ ಟ್ಯಾಂಕುಗಳಿವೆ, ಅವೂ ಮುಕ್ಕಾಲು ತುಂಬಿದ್ದವು. ಬಾಯ್ಲರಿನ ನೀರು ಕಮ್ಮಿಯಾದ ಹಾಗೆ ಟ್ಯಾಂಕಿನಿಂದ ಎಳೆದುಕೊಳ್ಳಬೇಕು. ಬೆಂಕಿ ಹಾಕಿದೆವು. ಸಾಹೇಬರು ಬಂದರು, ಒಳ್ಳೆಯ ಮನುಷ್ಯ, ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ಬಗ್ಗಿ ಎಲ್ಲ ನೋಡಿದರು. ಉಗಿ ಏರಿತು. ಕಾಕಾ ಸೀಟಿಯ ಸರಪಳಿ ಎಳೆದರು. ಅಯ್ಯಯ್ಯಯ್ಯ, ಆ ಕೂಗು! ಹೈವೇ ಮೇಲೆ ಲಾರಿಗಳು ನಿಂತವು. ಎಂಜಿನ್ ಒಮ್ಮೆ ನಡುಗಿ, ಹೂಂಕರಿಸಿ, ಇಂಚಿಂಚೇ ಮುಂದೆ ಸರಿಯಿತು, ಆಮೇಲೆ ಹಳಿಯ ತುದಿಯವರೆಗೆ ಹೋಗಿ ವಾಪಸು ಬಂತು. ಹೆಂಗಸರು ಕೂಗಿ ಚಪ್ಪಾಳೆ ಹೊಡೆದರು. ಸಾವಕಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನಾನು ಕಾಕಾನ ಮುಖ ನೋಡಲಿಲ್ಲ, ನೋಡಿದ್ದರೆ ನಾನೂ ಅಳುತ್ತಿದ್ದೆ.

"ಛಲೋ ಆಗೇದ್ರಿ ಹಿರಿಯರ" ಎಂದರು ಸಾಹೇಬರು ಕೆಳಗಿನಿಂದ. "ಇನ್ನೊಂದೇ ಕೆಲಸ. ಪೂರಾ ಒತ್ತಡ ಏರ್ಸ್ರಿ, ಎರಡೂ ಕಡಿಯಿಂದ ನೀರು ಎಳದು ತೋರಿಸ್ರಿ. ಆಯ್ತು, ಮುಗೀತು."

ನಾವು ನೀರು ಎಳೆದೆವು. ಬೆಂಕಿ ಹೆಚ್ಚು ಮಾಡಿದೆವು, ಮತ್ತೆ ಎಳೆದೆವು. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯಲ್ಲಿ ನೀರು ಮೇಲೆಯೇ ಇತ್ತು. ಕಾಕಾನ ಕಣ್ಣು ಅದರಿಂದ ಕದಲಿರಲಿಲ್ಲ, ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಆಮೇಲೆ ಅದು ಕುಣಿಯತೊಡಗಿತು. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕಾಕಾ ಮಟ್ಟ ಖಾತ್ರಿ ಮಾಡಿಕೊಳ್ಳುವ ಪರೀಕ್ಷೆಯ ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ, ನೊರೆ ಬಂತು. ಬಿಳೀ ನೊರೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಬಂದಾಗ ಪಾತ್ರೆ ತುಂಬಿದ ಹಾಗೆ ಕಾಣುತ್ತದಲ್ಲ, ಕೆಳಗೆ ಅರ್ಧವೂ ಇರುವುದಿಲ್ಲ. ಗಾಜಿನಲ್ಲಿ ನಾವು ಇಷ್ಟು ಹೊತ್ತು ನೀರೆಂದು ನೋಡುತ್ತಿದ್ದದ್ದು ಅದೇ ನೊರೆ.

ಕಾಕಾ ಹೊರಗೆ ಬಗ್ಗಿ ಟ್ಯಾಂಕಿನ ಮುಚ್ಚಳ ಎತ್ತಿ ಕೈ ಅದ್ದಿದರು. ಬೆರಳು ಬೆಳ್ಳಗಾಗಿ ಬಂದವು, ಮೇಲೆ ತುಪ್ಪದ ಜಿಡ್ಡು. ಮೂಸಿದರು. ತಲೆ ಎತ್ತಿ ಬೇಲಿಯ ಕಡೆ ನೋಡಿದರು. ಕಾಕಿ ಅಲ್ಲಿ ಎಲ್ಲರಿಗಿಂತ ಮುಂದೆ, ಕೈಮುಗಿದುಕೊಂಡೇ ನಿಂತಿದ್ದಳು. ಅವಳ ಕಾಲ ಬಳಿ ಹಾಲಿನ ಖಾಲಿ ಕ್ಯಾನುಗಳು ಉರುಳಿದ್ದವು. ಊರಿನ ಮನೆಮನೆಯ, ಕುರುಬರ ಹಟ್ಟಿಯ ಪಂಚಮಿಯ ಹಾಲನ್ನೆಲ್ಲ ಕೂಡಿಸಿ ತಂದು, ತುಪ್ಪ ಬೆರೆಸಿ, ನಾವು ಬರುವ ಮೊದಲೇ ಅದನ್ನು ಎಂಜಿನ್ನಿನ ಬಾಯಿಯೆಂದು ಆ ಟ್ಯಾಂಕುಗಳಲ್ಲಿ ಎರೆದುಬಿಟ್ಟಿದ್ದಳು.

"ಬೆಂಕಿ ಎಳೀ! ರೇವಣ್ಯಾ, ಬೆಂಕಿ ಎಳೀ!" ಎಂದು ಕಾಕಾ ಚೀರಿದರು. ನಾನು ಸಲಾಕೆ ಹಾಕಿ ಕೆಂಡವನ್ನು ಎರಡು ಸಲ ಹೊರಗೆಳೆದಿರಬೇಕು. ಒಲೆಯೊಳಗೆ ಏನೋ ಸಿಡಿದ ಸದ್ದು. ಉಗಿ ಭೋರ್ಗರೆದು ಬೆಂಕಿಯನ್ನೂ ಬೂದಿಯನ್ನೂ ನಮ್ಮ ಮೇಲೆ ಉಗುಳಿತು. ಕಾಕಾ ನನ್ನನ್ನು ಕೆಳಗೆ ನೂಕಿ ಹಿಂದೆಯೇ ಬಿದ್ದರು. ಅವರ ಮೊಳಕೈಯ ಚರ್ಮ ಸುಲಿದಿತ್ತು. ಸುತ್ತಲೂ ಸೀದ ಹಾಲಿನ ವಾಸನೆ. ಸೀಸ ಇಳಿದಿತ್ತು.

ಮಂದಿ ಹಿಂದೆ ಓಡಿದರು, ಸಾಹೇಬರು ಉಗಿ ತಣಿಯಲೆಂದು ದೂರ ನಿಂತರು. ಕಾಕಾ ಆ ಸುಟ್ಟ ಕೈಯಲ್ಲೇ ತೆವಳಿ ಹೋಗಿ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸತೊಡಗಿದರು.

"ತಗೀಬ್ಯಾಡ್ರಿ ಕಾಕಾ!" ಎಂದೆ. "ಸಾಹೇಬ್ರು ನೋಡ್ಲಿ. ನಮ್ಮ ತಪ್ಪಿಲ್ಲಂತ ಗೊತ್ತಾಗ್ಲಿ."

"ನೋಡಬಾರ್ದಂತೇ ತಗಿಯಾಕತ್ತೇನಿ. ಸುಮ್ಮಿರು."

ಮಳೆ ಜೋರಾಯಿತು. ಹಾಲು ಬೆರೆತ ನೀರು ಗಾಲಿಗಳ ನಡುವೆ ಇಳಿದು ಕೆಂಪು ಮಣ್ಣಿನಲ್ಲಿ ಹರಿದು ಹೋಯಿತು.

ಸಾಹೇಬರು ಒಲೆಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು. ಮಾಡಿನ ತಗಡು ಉಬ್ಬಿ ಕೆಳಗೆ ಜೋತಿತ್ತು. ಬಾಯ್ಲರ್ ಇನ್ನು ಯಾತಕ್ಕೂ ಬರುವುದಿಲ್ಲ ಎನ್ನುವುದು ಅವರು ಹೇಳುವ ಮೊದಲೇ ನಮಗೆ ಗೊತ್ತಾಗಿತ್ತು. "ಹಿರಿಯರ, ಇಷ್ಟೆಲ್ಲಾ ಗೊತ್ತಿದ್ದವರು. ನೀರು ನೋಡ್ಲಿಲ್ಲೇನ್ರಿ?" ಎಂದು ಸಿಟ್ಟಿಲ್ಲದೆ, ಬೇಜಾರಿನಿಂದ ಕೇಳಿದರು.

ಸಾವಕಾರರಿದ್ದರು, ಖಾಜಾಭಾಯಿ ಇದ್ದ, ಊರಿನ ಮಂದಿ ಇದ್ದರು, ಕಾಕಿ ಇದ್ದಳು. ಕಾಕಾ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: "ಇಲ್ಲರಿ ಸಾಹೇಬ್ರ. ಮಂದಿ ಚಪ್ಪಾಳಿ ಹೊಡಿಯಾಕತ್ತಿದ್ರು, ಅದನ್ನ ನೋಡ್ಕೋತ ನಿಂತೆ. ಈ ಹುಡುಗ ಹೇಳ್ದ, ನಾ ಕಿವಿಗಿ ಹಾಕ್ಕೊಳ್ಳಲಿಲ್ಲ. ನನ್ನ ತಪ್ಪದ."

ನಾನು ಬಾಯಿ ತೆರೆದೆ. ಕಾಕಾನ ಕೈ ನನ್ನ ರಟ್ಟೆಯನ್ನು ಹಿಡಿಯಿತು. ಆ ಹಿಡಿತದ ಗುರುತು ಎಷ್ಟೋ ದಿನ ಇತ್ತು.

ವಾಪಸು ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ ನಾನು ಅವರ ಮೇಲೆ ಹರಿಹಾಯ್ದೆ. ನಿಮಗೆ ಹುಚ್ಚು ಹಿಡಿದಿದೆಯೇ, ಜನ್ಮವೆಲ್ಲ ಗಳಿಸಿದ ಹೆಸರನ್ನು ಯಾರಾದರೂ ಹೀಗೆ ಬೀದಿಗೆ ಬಿಸಾಡುತ್ತಾರೆಯೇ ಎಂದು ಕೂಗಿದೆ. ಕಾಕಾ ರಸ್ತೆಯ ಪಕ್ಕ ಮಳೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

"ಖರೇ ಹೇಳಿದ್ರ ಎಂಜಿನ್ ವಾಪಸ್ ಬರ್ತದೇನು?" ಎಂದರು. "ಅದು ಹೋತು. ನನ್ನ ಹೆಸರೂ ಹೋತು, ಹೋಗ್ಲಿ. ಅಕಿ ಜಿಂದಗಿದಾಗ ಒಮ್ಮೆ ಅದಕ್ಕ ಕೈ ಮುಗದಾಳ, ರೇವಣ್ಯಾ. ನನ್ನ ಸಲುವಾಗಿ ಊರ ತುಂಬಾ ತಿರುಗಿ ಹಾಲು ಬೇಡ್ಯಾಳ. ನೀನೇ ಕೊಂದಿ ಅಂತ ಹ್ಯಾಂಗ ಹೇಳ್ಲಿ? ಅಕಿ ಅದನ್ನ ಹೊತ್ತು ಬದಕಾಂಗಿಲ್ಲ. ನಾ ಬದಕ್ತೀನಿ."

ಬದುಕಿದರು, ಆದರೆ ಹೇಗೆ ಬದುಕಿದರು ಎಂದು ಕೇಳಬೇಡಿ. ಖಾಜಾಭಾಯಿ ಎಂಜಿನ್ನನ್ನು ಕೊಯ್ದು ಒಯ್ದ. ಕಾಕಾ ಅತ್ತ ಸುಳಿಯಲಿಲ್ಲ, ಬಸ್‌ಸ್ಟ್ಯಾಂಡಿಗೆ ಹೋಗುವುದನ್ನೂ ಬಿಟ್ಟರು. ಸುದ್ದಿ ಗಡಿಯಾಚೆಗೂ ಹೋಯಿತು. ಹಳೆಯ ಜೊತೆಗಾರನೊಬ್ಬ ಫೋನು ಮಾಡಿ, ಮಾಣಿಕರಾವ್, ಹೀಗೆ ಕೇಳಿದೆ, ಸುಳ್ಳಲ್ಲವೇ ಎಂದು ಮರಾಠಿಯಲ್ಲಿ ಕೇಳಿದನಂತೆ. ಖರೆ ಎಂದು ಹೇಳಿ ಕಾಕಾ ಫೋನು ಇಟ್ಟರು. ಆ ಕಡೆಯಿಂದ ಮತ್ತೆ ಯಾರ ಫೋನೂ ಬರಲಿಲ್ಲ.

ಇದೆಲ್ಲ ಸಾಲದೆಂಬಂತೆ ಕಾಕಿ! ಗಾಯದ ಮೇಲೆ ಬರೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಕಾಕಾ ಅಂದರೆ, "ನೀವ್ ಮಾತಾಡಬ್ಯಾಡ್ರಿ. ಊರ ಮಂದಿ ಹಾಲು ತಂದು ಅಕಿ ಪಾಲು ಎರದೆ ನಾನು. ನಿಮಗ ನಿಂತು ನೀರು ನೋಡೂದ ಆಗ್ಲಿಲ್ಲ!" ಎಂದು ಶುರು ಮಾಡುತ್ತಿದ್ದಳು. ಗೋಡೆಯ ಈಚೆ ಕೂತು ಕೇಳುವ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಷ್ಟೋ ಸಲ ಹೇಳಿಯೇಬಿಡುತ್ತೇನೆ ಎಂದು ಎದ್ದು, ಅವರ ಹೊಸ್ತಿಲವರೆಗೆ ಹೋಗಿ ತಿರುಗಿ ಬಂದಿದ್ದೇನೆ. ಆಮೇಲಾಮೇಲೆ ನಾನು ಸಂಸಾರ ಹುಮನಾಬಾದಿಗೆ ಸಾಗಿಸಿದೆ. ನೌಕರಿಗೆ ಹತ್ತಿರವಾಗುತ್ತದೆಂದು ಎಲ್ಲರಿಗೂ ಹೇಳಿದೆ.

ಈ ಸಲ, ಧಾಬಾದಿಂದ ಎದ್ದು, ಹಬ್ಬಕ್ಕೆಂದು ಕಾಕಾನ ಮನೆಗೆ ಹೋದೆ. ಕಾಕಾ ಹೊರಸಿನ ಮೇಲೆ ಕೂತಿದ್ದರು, ಬಹಳ ಇಳಿದುಹೋಗಿದ್ದಾರೆ. ಕಾಕಿ ಶೇಂಗಾ ಉಂಡಿ ತಂದು ಇಬ್ಬರ ಮುಂದೆಯೂ ಇಟ್ಟಳು. ಯಾವಾಗಲಿನಂತೆ ಬೈಗುಳ ಶುರುವಾಗುತ್ತದೆಂದು ನಾನು ತಲೆ ತಗ್ಗಿಸಿ ಕಾಯುತ್ತಿದ್ದೆ. ಅವಳು ಬೈಯಲಿಲ್ಲ. ನನ್ನ ಎದುರಿಗೆ ನೆಲದ ಮೇಲೆ ಕೂತಳು.

"ರೇವಣ್ಯಾ, ಒಂದ್ ಮಾತು ಕೇಳ್ತೀನಿ. ನಾಗಪ್ಪನ ದಿನ ಅದ, ಸುಳ್ಳು ಹೇಳಬ್ಯಾಡ" ಎಂದಳು. "ಮಗಳ ಮಗ ಐಟಿಐ ಕಲಿಯಾಕತ್ತಾನಲ್ಲ, ಅಂವ ಮೊನ್ನಿ ಅಂದ, ಬಾಯ್ಲರಿನ್ಯಾಗ ಬರೇ ನೀರೇ ಹಾಕಬೇಕಂತ, ಮತ್ತೇನು ಬೀಳಬಾರ್ದಂತ. ಆವತ್ತಿನಿಂದ ನನಗ ನಿದ್ದಿ ಇಲ್ಲ. ನಾ ಹಾಲು ಎರದದ್ದಕ್ಕ ಅದು ಕೆಡ್ತೇನೋ? ಇವರು ನನ್ನ ಸಲುವಾಗಿ ಬಾಯಿ ಮುಚ್ಚ್ಯಾರೇನೋ?"

ಕಾಕಾ ಕಚ್ಚಿದ ಉಂಡಿಯನ್ನು ತಾಟಿಗೆ ವಾಪಸು ಇಟ್ಟರು. ನನ್ನ ಕಡೆ ನೋಡಿದರು. ಇಷ್ಟು ವರ್ಷ ನನ್ನ ಗಂಟಲಲ್ಲಿ ಸಿಕ್ಕಿಕೊಂಡ ಮಾತನ್ನು ಅವಳೇ ಬಂದು ಕೇಳುತ್ತಿದ್ದಾಳೆ. ಹೌದು ಎಂದರೆ ಸಾಕು. ಕಾಕಾನ ಹೆಸರು ಒಂದು ಮನೆಯಲ್ಲಾದರೂ ವಾಪಸು ಬರುತ್ತದೆ.

"ನಿನಗೇನ್ ತಲಿ ಕೆಟ್ಟದೇನು ಕಾಕಿ?" ಎಂದು ನಾನು ಜೋರು ಮಾಡಿದೆ. "ಅಷ್ಟ್ ನೀರಿನಾಗ ನಿನ್ನ ಹಾಲು ಯಾವ ಲೆಕ್ಕ? ಆ ಹುಡುಗಗ ಏನ್ ತಿಳೀತದ? ನಾ ಅಲ್ಲೇ ಇದ್ದೆ, ಕಣ್ಣಾರೆ ನೋಡೀನಿ. ಮಂದಿ ಚಪ್ಪಾಳಿಗಿ ಹಿಗ್ಗಿ ನೀರು ನೋಡೂದ ಬಿಟ್ಟಿದ್ರು. ಕಾಕಾಂದೇ ತಪ್ಪು. ಬಿಲ್ಕುಲ್ ಕಾಕಾಂದೇ."

ಕಾಕಿ ನನ್ನ ಮುಖವನ್ನೇ ನೋಡಿದಳು, ಬಹಳ ಹೊತ್ತು. ಆಮೇಲೆ ಉಸಿರು ಬಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದಳು.

"ಕೇಳಿದ್ರಿಲ್ಲೋ?" ಎಂದು ಗಂಡನ ಕಡೆ ತಿರುಗಿದಳು. "ನಿಮ್ಮ ಶಿಷ್ಯನೇ ಹೇಳ್ದ! ನಾ ಏನ್ ಕಮ್ಮಿ ಮಾಡಿದ್ದೆ? ಮನಿ ಮನಿ ತಿರುಗಿ..."

ಬೈಗುಳ ಅಡಿಗೆಮನೆಯವರೆಗೆ ಹೋಗಿ, ಚಹಾದ ಪಾತ್ರೆ ಇಡುವ ಸದ್ದಿನ ಜೊತೆ ಮುಂದುವರಿಯಿತು. ಕಾಕಾ ತಲೆ ತಗ್ಗಿಸಿಕೊಂಡು ಹೂಂ, ಹೂಂ ಅನ್ನುತ್ತಿದ್ದರು. ಅವರ ಕೈ ನನ್ನ ಬೆನ್ನಿನ ಮೇಲೆ ಬಂತು, ಅವಳು ಬೈದು ಮುಗಿಸುವವರೆಗೆ ಅಲ್ಲೇ ಇತ್ತು.